ಎಡಕ್ಕೆ ಕೆಂಪು, ಬಲಕ್ಕೆ ನೀಲಿ

ನಿಲಂಗಾ
೯ ಜೂನ್ ೨೦೨೫

ಅನುರಾಧಾ,

ನಿನ್ನ ಮಗಳ ಕಂಪನಿಯ ಹೊಳೆಯುವ ಪುಸ್ತಿಕೆಯ ನಾಲ್ಕನೆಯ ಪುಟದಲ್ಲಿ ಒಂದು ಕಾಲು ಇದೆ. ಅದು ನನ್ನದು.

ಕಾಲು ಕಳೆದುಕೊಂಡವರು ಪೊಲೀಸ್ ಠಾಣೆಗೆ ಹೋಗುವುದು ವಾಡಿಕೆ. ನಾನು ದೊಡ್ಡ ಮನಸ್ಸು ಮಾಡಿ ಮೊದಲು ನಿನಗೇ ಫೋನ್ ಹಚ್ಚಿದೆ. “ಹಲೋ, ನಾ ವಿಜಯಶ್ರೀ ಮಾತಾಡ್ಲತ್ತೀನಿ” ಎಂದೆ. ಅತ್ತ ಕಡೆ ನೀನು ಉಸಿರು ಎಳೆದುಕೊಂಡದ್ದು ಕೇಳಿಸಿತು, ಅಷ್ಟೇ. ಅಂದಿನಿಂದ ನನ್ನ ನಂಬರು ನಿನ್ನ ಫೋನಿನಲ್ಲಿ ಬ್ಲಾಕ್. ಹೀಗಾಗಿ ಈ ರಿಜಿಸ್ಟರ್ ಪತ್ರ. ಪೋಸ್ಟಮನ್‌ನನ್ನು ಬ್ಲಾಕ್ ಮಾಡುವ ಗುಂಡಿ ಇನ್ನೂ ಯಾವ ಫೋನಿಗೂ ಬಂದಿಲ್ಲ. ಕನ್ನಡದಲ್ಲಿ ಬರೆಯುತ್ತಿರುವುದಕ್ಕೂ ಕಾರಣವಿದೆ: ಉಮರ್ಗಾದ ಕನ್ನಡ ಶಾಲೆಯಲ್ಲಿ ನಾವಿಬ್ಬರೂ ಒಂದೇ ಪಾಟಿಯ ಮೇಲೆ ತಿದ್ದಿದವರು, ನಿನ್ನ ಮಗಳಿಗೆ ಕನ್ನಡ ಓದಲು ಬರುವುದಿಲ್ಲ. ಇದು ಬೆದರಿಕೆಯ ಪತ್ರ. ಮಕ್ಕಳ ಕೈಗೆ ಸಿಗಬಾರದು.

ನಡೆದದ್ದು ಇಷ್ಟು. ನನ್ನ ಯಜಮಾನರು ಭೀಮಶಾ ಇಲ್ಲಿ ಬಜಾರಿನಲ್ಲಿ ಚಪ್ಪಲಿ-ಬೂಟಿನ ಅಂಗಡಿ ಇಟ್ಟಿದ್ದಾರೆ. ಹೋದ ವಾರ ಪುಣೆಯ ಕಂಪನಿಯವನೊಬ್ಬ ಬಂದು ಹೊಸ ಮಾಲಿನ ಪುಸ್ತಿಕೆ ಬಿಟ್ಟು ಹೋದ. ನಾನು ಅದರಲ್ಲಿ ಶೇಂಗಾ ಕಟ್ಟಬೇಕೆಂದು ಹಾಳೆ ಹರಿಯುತ್ತಿದ್ದೆ. ನಾಲ್ಕನೆಯ ಹಾಳೆಗೆ ಕೈ ನಿಂತಿತು. ‘ಜೋಡಿ ೯೫: ಹಳೆಯ ಕಾಲದ ಬಾಸ್ಕೆಟ್‌ಬಾಲ್ ಬೂಟು, ಮರಾಠವಾಡಾದ ಮಣ್ಣಿನಿಂದ.’ ಎಡಗಾಲಿನದು ಕೆಂಪು. ಬಲಗಾಲಿನದು ನೀಲಿ. ಬೆರಳಿನ ಮೇಲೆ ಕಪ್ಪು ತೇಪೆ. ಕಣಕಾಲಿಗೆ ದಪ್ಪ ಬಟ್ಟೆಯ ಪಟ್ಟಿ. ಪಕ್ಕದಲ್ಲಿ ಹದಿನೆಂಟು ವರ್ಷದ ನೀನು, ಕಂಕುಳಲ್ಲಿ ಚೆಂಡು. ನಿನ್ನ ಬಲಕ್ಕೆ ಫೋಟೋ ಕತ್ತರಿಸಿಹೋಗಿದೆ, ಆದರೆ ಕೆಳಗೆ ಕಪ್ಪು ತೇಪೆಯ ಕೆಂಪು ಬೂಟಿನ ಒಂದು ಕಾಲು ಉಳಿದುಬಿಟ್ಟಿದೆ.

ಕೆಳಗಿನ ಬರಹ ಓದಿದೆ. ‘೧೯೯೫ರಲ್ಲಿ ಉಮರ್ಗಾದ ಹುಡುಗಿಯೊಬ್ಬಳು ಏಕಾಂತದಲ್ಲಿ ಕುಳಿತು ತನ್ನ ಬಿಳಿ ಬೂಟುಗಳಿಗೆ ತಾನೇ ರೂಪ ಕೊಟ್ಟಳು. ಮುಳುಗುವ ಸೂರ್ಯನ ಕೆಂಪು. ಮೊದಲ ಮಳೆಯ ನೀಲಿ.’ ಅನುರಾಧಾ, ನಿಮ್ಮ ಮನೆಯಲ್ಲಿ ಹನ್ನೊಂದು ಮಂದಿ, ಎರಡು ಎತ್ತು, ಒಂದು ಹಡೆದ ಎಮ್ಮೆ. ಏಕಾಂತ ಎಲ್ಲಿ ಕಟ್ಟಿದ್ದಿರಿ?

ಆಗಸ್ಟ್ ೨೨ರಂದು, ಎತ್ತುಗಳ ಪೋಳಾ ಹಬ್ಬದ ದಿನ, ನಾವು ಕೊನೆಯ ಪಂದ್ಯ ಆಡಿದ ಉದಗೀರಿನ ಅದೇ ಮೈದಾನದಲ್ಲಿ ಈ ಬೂಟಿನ ಬಿಡುಗಡೆ ಎಂದು ಬರೆದಿದೆ. ಅದರೊಳಗೆ ಪುಸ್ತಿಕೆಯಲ್ಲಿ ನನ್ನ ಹೆಸರು ಬರಬೇಕು. ಬರದಿದ್ದರೆ ನಾನು ಬರುತ್ತೇನೆ. ಮೊದಲ ಸಾಲಿನಲ್ಲಿ ಕುಳಿತು, ಎದ್ದು, ವೇದಿಕೆಯ ಮೇಲೆ ನನ್ನ ಬಲಗಾಲು ಇಡುತ್ತೇನೆ. ಹೆಬ್ಬೆರಳಿನ ಉಗುರು ಇವತ್ತಿಗೂ ಸೊಟ್ಟಗಿದೆ. ಜನ ನೋಡಿಕೊಳ್ಳಲಿ.

ಅರ್ಧ ಬೂಟಿನ ಒಡತಿ,
ವಿಜಯಶ್ರೀ


ಉಮರ್ಗಾ
೨೧ ಜೂನ್ ೨೦೨೫

ಸೌ. ವಿಜಯಶ್ರೀ ಭೀಮಶಾ ಅವರಿಗೆ,

ನಿಮ್ಮ ಪತ್ರ ತಲುಪಿತು. ಪೋಸ್ಟಮನ್ ಅದನ್ನು ಶಾಲೆಗೇ ತಂದ. ಪ್ರಾರ್ಥನೆ ನಡೆದಿತ್ತು. ನಾನೂರು ಮಕ್ಕಳು ನೋಡುತ್ತಿದ್ದಂತೆ ಆಟದ ಟೀಚರ್ ಆದ ನಾನು ಸಹಿ ಹಾಕಿ ಪತ್ರ ತೆಗೆದುಕೊಂಡೆ. ಯಾರಿಗೆ ಏನಾಗಿದೆ ಎಂದು ಮಧ್ಯಾಹ್ನದವರೆಗೂ ಎಲ್ಲರೂ ಕೇಳಿದರು.

ನನ್ನ ಮಗಳು ಯೋಗಿತಾ ನಿಮ್ಮ ಹೆಸರನ್ನು ಕೇಳಿಯೇ ಇಲ್ಲ. ಅಟ್ಟದ ಮೇಲೆ ನನ್ನ ಹಳೆಯ ಬೂಟು ಸಿಕ್ಕಿತು, ಫೋಟೋ ಸಿಕ್ಕಿತು. ಕೇಳಿದಳು. ಹೇಳಬೇಕಾದಷ್ಟು ಹೇಳಿದೆ. ಫೋಟೋ ಕತ್ತರಿಸಿದ್ದು ಅವಳಲ್ಲ, ನಾನು. ಆ ವರ್ಷವೇ, ನಮ್ಮವ್ವನ ಹೊಲಿಗೆ ಕತ್ತರಿಯಿಂದ. ನಿಮ್ಮ ಕಾಲು ನನ್ನ ಕಾಲಿಗೆ ಅಡ್ಡ ಬಂದಿತ್ತು. ಅದನ್ನು ಕತ್ತರಿಸಿದ್ದರೆ ನನ್ನದೂ ಹೋಗುತ್ತಿತ್ತು. ಉಳಿದದ್ದು ಅದಕ್ಕೆ, ಬೇರೆ ಕಾರಣವಿಲ್ಲ.

ಹೆಸರು ಬೇಕೆನ್ನುತ್ತೀರಿ. ಉದಗೀರಿನ ಫೈನಲ್ ಪಂದ್ಯಕ್ಕೆ ಎರಡೂ ಬೂಟು ಬಿಳಿ ಮಾಡಿಕೊಂಡು ಬಂದು ಇಳಿದವರು ನೀವು. ಅದನ್ನು ಮಾಡಿದ ಮೇಲೂ ಬಣ್ಣದಲ್ಲಿ ಪಾಲು ಕೇಳುವ ಧೈರ್ಯ ಮೆಚ್ಚಬೇಕಾದ್ದೇ.

ಇನ್ನು ಬರೆಯಬೇಡಿ.

ಸೌ. ಅನುರಾಧಾ ಓಂಪ್ರಕಾಶ


ನಿಲಂಗಾ
೨೭ ಜೂನ್ ೨೦೨೫

ಅನುರಾಧಾ,

ಬಹುವಚನಕ್ಕೆ ಧನ್ಯವಾದ. ಮದುವೆಯಾಗಿ ಇಷ್ಟು ವರ್ಷಗಳಲ್ಲಿ ನನ್ನ ಅತ್ತೆ ಪ್ರಯಾಗಬಾಯಿ ಒಮ್ಮೆಯೂ ನನಗೆ ‘ರೀ’ ಹಚ್ಚಿಲ್ಲ. ಪತ್ರ ಓದಿ ಹೇಳಿದೆ. “ಅಕಿ ನಿನಗ ಮರ್ಯಾದಿ ಕೊಡ್ಲತ್ತಾಳ ಅಂದ್ರ ಭಾಳ ಸಿಟ್ಟಿಗಿ ಬಂದಾಳ, ಹುಷಾರ ಇರು” ಎಂದರು. ಎಂಬತ್ತು ವರ್ಷದ ಅನುಭವ.

ಈಗ ಪುಸ್ತಿಕೆಯ ವಿಚಾರಣೆ. ನ್ಯಾಯಾಧೀಶರೂ ನಾನೇ, ವಕೀಲರೂ ನಾನೇ. ಆರೋಪಿ ಉಮರ್ಗಾದಲ್ಲಿ ಕುಳಿತು ಕೇಳಬಹುದು.

ಮುಳುಗುವ ಸೂರ್ಯನ ಕೆಂಪು ಎಂದು ಬರೆದಿದ್ದೀರಿ. ಅದು ಪೋಳಾಕ್ಕೆ ಎತ್ತಿನ ಕೋಡಿಗೆ ಹಚ್ಚುವ ಹಿಂಗುಳದ ಪುಡಿ. ನಿಮ್ಮಪ್ಪ ಮನ್ಮಥಪ್ಪ ಕಾಕಾ ಅಗಸಿ ಎಣ್ಣೆಯಲ್ಲಿ ಕಲಸಿ ಹರಣ್ಯಾನ ಕೋಡಿಗೆ ಹಚ್ಚುತ್ತಿದ್ದ, ಒಣಗಿದ ಮೇಲೆ ಹಳೆಯ ಇಟ್ಟಿಗೆಯ ಬಣ್ಣಕ್ಕೆ ತಿರುಗುತ್ತಿತ್ತು. ನಿಮ್ಮ ಬೂಟಿನ ಕೆಂಪು ಮದುವೆ ಮಂಟಪದ ಕುರ್ಚಿಯ ಕೆಂಪು. ಮೊದಲ ಮಳೆಯ ನೀಲಿ ಎನ್ನುವುದು ಸಾಸ್ತೂರದ ನಿನ್ನ ರಂಭಾ ಅತ್ತಿಯ ಬಾಗಿಲು. ಭೂಕಂಪದಲ್ಲಿ ಮನೆ ಬಿದ್ದು, ಹೊಸ ಮನೆ ಸಿಕ್ಕ ಮೇಲೆ, ಬಾಗಿಲಿಗೆ ಬಳಿದು ಉಳಿದ ಡಬ್ಬಿಯನ್ನು ಅತ್ತಿ ನಿಮ್ಮ ಮನೆಗೆ ಕಳಿಸಿದ್ದಳು. ಕಾಕಾ ಅದನ್ನು ಮೋತ್ಯಾನ ಕೋಡಿಗೆ ಹಚ್ಚಿದ. ನೊಗದ ಎಡಕ್ಕೆ ಹರಣ್ಯಾ ಕೆಂಪು, ಬಲಕ್ಕೆ ಮೋತ್ಯಾ ನೀಲಿ.

ಮೈದಾನದಲ್ಲಿ ಎಡಕ್ಕೆ ನೀನು ಆಡುತ್ತಿದ್ದಿ, ಬಲಕ್ಕೆ ನಾನು. ಆ ಪೋಳಾದ ದಿನ ನಾವು ನಿಮ್ಮ ಮನೆಯ ಕಟ್ಟೆಯ ಮೇಲೆ ಕುಳಿತಿದ್ದೆವು. ಕಾಕಾ ಕುಂಚ ಹಿಡಿದೇ ಬಂದ. “ಕಾಲ ಮುಂದ ಮಾಡ್ರೆ. ನೀವೂ ನನ್ನ ಎತ್ತೇ ಇದ್ದೀರಿ” ಎಂದ. ನಿನ್ನ ಎರಡೂ ಬೂಟು ಕೆಂಪು, ನನ್ನ ಎರಡೂ ನೀಲಿ. ಮರುದಿನ ಒಂದೊಂದು ಬದಲಿಸಿಕೊಳ್ಳೋಣ ಎಂದವಳು ನಾನು. ಏಕೆಂದೂ ಹೇಳಿದ್ದೆ: “ಒಬ್ಬಾಕಿ ಬಿಟ್ಟು ಹೋದ್ರ ಇನ್ನೊಬ್ಬಾಕಿ ಕಾಲಾಗಿನ ಜೋಡೂ ಕೆಡಬೇಕು.” ಅಂದಿನಿಂದ ನಿನಗೆ ಎಡ ಕೆಂಪು, ಬಲ ನೀಲಿ. ನನಗೆ ಎಡ ನೀಲಿ, ಬಲ ಕೆಂಪು.

ಮುಖ್ಯ ಸಾಕ್ಷಿ ಈಗ ಬರುತ್ತದೆ. ನಿನ್ನ ಸೈಜು ಐದು, ನನ್ನದು ಆರು. ನಿನ್ನ ಕೆಂಪು ಬೂಟು ನನ್ನ ಬಲಗಾಲಿಗೆ ಬಿಗಿಯಾಗಿ ಹೆಬ್ಬೆರಳು ಹೊರಗೆ ಬಂತು; ಸೈಕಲ್ ಪಂಕ್ಚರ್ ಅಂಗಡಿಯವನು ಟ್ಯೂಬಿನ ಕಪ್ಪು ತೇಪೆ ಹಚ್ಚಿಕೊಟ್ಟ. ಪುಸ್ತಿಕೆಯಲ್ಲಿ ಅದು ‘ದೇವಣಿ ಎತ್ತಿನ ಕಪ್ಪು ಮೂತಿಗೆ ನಮನ’. ನಮನ ಬೇಡ, ಆ ಮೂತಿ ನನ್ನ ಹೆಬ್ಬೆರಳು. ನನ್ನ ನೀಲಿ ಬೂಟು ನಿನ್ನ ಬಲಗಾಲಿಗೆ ಸಡಿಲಾಗಿ ಜಾರುತ್ತಿತ್ತು. ನಿಮ್ಮವ್ವ ಕಾಂತಾಬಾಯಿ ಕಾಕಿ ಹಳೆಯ ಕೌದಿ ಹರಿದು ಕಣಕಾಲಿಗೆ ಪಟ್ಟಿ ಹೊಲಿದಳು. ನಿಮ್ಮ ಬೂಟಿನ ಆ ಎತ್ತರದ ಪಟ್ಟಿ ಅದೇ. ಒಬ್ಬಳ ಕಾಲಿನಿಂದ ಈ ಬೂಟು ಹುಟ್ಟಲು ಸಾಧ್ಯವೇ ಇಲ್ಲ ಅನುರಾಧಾ. ತೇಪೆ ಒಬ್ಬಳದು, ಪಟ್ಟಿ ಒಬ್ಬಳದು.

ಬಿಳಿಯ ವಿಷಯ ಎತ್ತಿದ್ದೀ. ಅದನ್ನು ಕೇಳುವ ಹಕ್ಕು ನಿನಗೆ ಆ ದಿನ ಇತ್ತು, ಕೇಳಲಿಲ್ಲ. ನಲವತ್ತು ನಿಮಿಷ ನಾನು ಬಲಗಡೆ ಕೈಯೆತ್ತಿ ನಿಂತೆ. ಒಂದು ಸಲವೂ ಚೆಂಡು ಕೊಡಲಿಲ್ಲ. ಮೂವತ್ತೊಂದು-ಮೂವತ್ತೆರಡು. ಒಂದೇ ಅಂಕ.

ಕಂಪನಿಗೆ ಮರಾಠಿಯಲ್ಲಿ ಪತ್ರ ಬರೆದು, ಅಂಚೆಚೀಟಿ ಹಚ್ಚಿ, ಅಂಗಡಿಯ ಗಲ್ಲೆಯ ಮೇಲೆ ಇಟ್ಟಿದ್ದೇನೆ. ಭೀಮಶಾ ದಿನಾ ಕೇಳುತ್ತಾರೆ, “ಡಬ್ಬಿಗಿ ಹಾಕ್ಲೇನು?” “ಇರ್ಲಿ, ಹದಿನೈದಕ್ಕ ಹಾಕೂಣ.” ಅಂದರೆ ಜುಲೈ ಹದಿನೈದು. ಪಂಚಾಂಗ ನೋಡಿಯೇ ಇಟ್ಟ ದಿನ.

ಬಲಗಡೆಯವಳು,
ವಿಜಯಶ್ರೀ


ಉಮರ್ಗಾ
೮ ಜುಲೈ ೨೦೨೫

ವಿಜಯಶ್ರೀ ಅವರಿಗೆ,

ಆ ಪತ್ರವನ್ನು ಡಬ್ಬಿಗೆ ಹಾಕುವ ಮುನ್ನ ಇದನ್ನು ಓದಿ.

ಯೋಗಿತಾ ಮೂರು ವರ್ಷ ಆ ಕಂಪನಿಯಲ್ಲಿ ಬೇರೆಯವರ ಬೂಟಿಗೆ ತಳದ ನಕ್ಷೆ ಬರೆದಳು. ತಳ ಮಾತ್ರ. ಇದು ಅವಳ ಹೆಸರಿನ ಮೊದಲ ಬೂಟು. ಮಾಲೀಕರು ಒಂದೇ ಮಾತು ಹೇಳಿದ್ದಾರೆ: ಈ ರೂಪ ನನ್ನದೆಂದು ಯಾರಾದರೂ ಒಂದು ಸಾಲು ಬರೆದರೂ ಬೂಟು ಹೊರಗೆ ಬರುವುದಿಲ್ಲ, ಅದನ್ನು ತಂದವರೂ ಒಳಗೆ ಉಳಿಯುವುದಿಲ್ಲ. ನಿಮ್ಮ ಗಲ್ಲೆಯ ಮೇಲಿರುವುದು ಆ ಒಂದು ಸಾಲು. ನನ್ನ ಮೇಲಿನ ಸಿಟ್ಟು ಅವಳ ಕೈ ಮೇಲೆ ಬೀಳುತ್ತದೆ. ಅವಳು ನಿಮಗೆ ಏನೂ ಮಾಡಿಲ್ಲ. ಅವಳು ಹುಟ್ಟುವ ಮೊದಲೇ ನಮ್ಮ ಮಾತು ನಿಂತಿತ್ತು.

ಬಿಳಿಯ ಬಗ್ಗೆ ಕೇಳಬೇಕಿತ್ತು ಎನ್ನುತ್ತೀರಿ. ಕೇಳುವುದು ಏನಿತ್ತು? ನೀವು ವ್ಯಾಪಾರಸ್ಥರ ಮನೆಯವರು, ನಮ್ಮ ಕೊಟ್ಟಿಗೆಯ ರೀತಿ ಗೊತ್ತಿಲ್ಲ ಎಂದು ಈಗ ಹೇಳಬಹುದು. ಆದರೆ ಆ ವರ್ಷ ದೀಪಾವಳಿಯ ಮುಂದೆ ಮೋತ್ಯಾ ಹಾವು ಕಚ್ಚಿ ಸತ್ತದ್ದು ಗೊತ್ತಿತ್ತು. ನಮ್ಮಲ್ಲಿ ಜೋಡಿಯಲ್ಲಿ ಒಂದು ಸತ್ತರೆ ಉಳಿದದ್ದರ ಕೋಡಿನ ಬಣ್ಣವನ್ನು ಗಾಜಿನ ಚೂರಿನಿಂದ ಹೆರೆಯುತ್ತಾರೆ. ಹೊಸ ಜೋಡಿ ಬರುವ ತನಕ ಅದಕ್ಕೆ ಬಣ್ಣವಿಲ್ಲ. ಬೋಳು ಕೋಡಿನ ಎತ್ತು ಕಂಡರೆ ನಮ್ಮ ಸೀಮೆಯಲ್ಲಿ ಯಾರೂ ಏನೂ ಕೇಳುವುದಿಲ್ಲ. ಇದರ ಜೊತೆಯದು ಸತ್ತಿದೆ ಎಂದು ತಿಳಿದುಕೊಳ್ಳುತ್ತಾರೆ. ಅಪ್ಪ ಹರಣ್ಯಾನ ಕೋಡು ಹೆರೆಯುವಾಗ ಅದರ ಮೂಗುದಾಣ ಹಿಡಿದು ನಿಂತವಳು ನಾನು.

ಅದಾಗಿ ಒಂದು ತಿಂಗಳಿಗೆ ಉದಗೀರು. ನೀನು ನಮ್ಮ ಟೆಂಪೋದಲ್ಲಿ ಬರಲಿಲ್ಲ. ನಿನ್ನ ಅಪ್ಪನ ಜೊತೆ ಬೇರೆ ಬಸ್ಸಿನಲ್ಲಿ ಬಂದಿ. ಮೈದಾನಕ್ಕೆ ಇಳಿದಾಗ ಎರಡೂ ಬೂಟು ಹೆರೆದು ಬಿಳಿ. ನನ್ನ ಅಪ್ಪ ಹಚ್ಚಿದ ಬಣ್ಣ, ನಾನು ಕೊಟ್ಟ ಕೆಂಪು ಬೂಟು ಸುದ್ದಾ. ನನ್ನ ಪಾಲಿಗೆ ನೀನು ಸತ್ತೆ ಎಂದು ಇಡೀ ಮೈದಾನಕ್ಕೆ ಹೇಳಿಕೊಂಡು ಬಂದಂತೆ. ಸತ್ತವಳು ಚೆಂಡು ಹೇಗೆ ಕೊಡಬೇಕು, ವಿಜ್ಜಿ?

ನೋಡು, ‘ನೀವು’ ಎಂದು ಶುರು ಮಾಡಿದ್ದೆ. ತಿದ್ದಲು ಹೋಗುವುದಿಲ್ಲ.

ಅನುರಾಧಾ


ನಿಲಂಗಾ
೧೫ ಜುಲೈ ೨೦೨೫

ಅನು,

ಇವತ್ತು ಹದಿನೈದು. ಬೆಳಿಗ್ಗೆ ಭೀಮಶಾ ಲಕೋಟೆ ಹಿಡಿದು ಚಪ್ಪಲಿ ಮೆಟ್ಟಿದರು. “ಹೋಗಿ ಬರ್ಲೇನು?” ಎಂದರು. ನಾನು ಅವರ ಕೈಯಿಂದ ಅದನ್ನು ತೆಗೆದುಕೊಂಡು ಒಲೆಯ ಕೆಳಗೆ ಇಟ್ಟೆ. ಮನೆಯಲ್ಲಿ ಗ್ಯಾಸಿನ ಒಲೆ ಇರುವುದರಿಂದ ಅದು ಸುಡಲಿಲ್ಲ. ಆಮೇಲೆ ಹರಿದು ಹಾಕಿದೆ. ನಿನ್ನ ಮಗಳ ಕೈ ನನ್ನಿಂದ ಕೆಡುವುದಿಲ್ಲ. ಅದನ್ನು ಮೊದಲು ಬರೆದಿದ್ದೇನೆ, ಏಕೆಂದರೆ ಮುಂದಿನದನ್ನು ಓದಿ ನೀನು ಹಾಳೆ ಎಸೆಯಬಹುದು.

ಕೋಡು ಹೆರೆಯುವ ವಿಷಯ ನನಗೆ ಗೊತ್ತಿರಲಿಲ್ಲ. ನಮ್ಮಪ್ಪ ಭಾಲ್ಕಿಯಿಂದ ಬಂದು ಉಮರ್ಗಾದಲ್ಲಿ ಅರಿವೆ ಅಂಗಡಿ ಹಾಕಿದವರು. ನಮ್ಮ ಮನೆಯಲ್ಲಿ ಕೋಡಿದ್ದದ್ದು ಅತ್ತೆಯಂದಿರ ಮಾತಿಗೆ ಮಾತ್ರ. ಹರಣ್ಯಾನ ಕೋಡು ಬೋಳಾದದ್ದು ನೋಡಿದ್ದೆ. ಹಬ್ಬ ಮುಗಿಯಿತು, ಬಣ್ಣ ತೆಗೆದರು ಎಂದುಕೊಂಡಿದ್ದೆ.

ಈಗ ಆ ವಾರದ ಸಂಗತಿ. ಫೈನಲ್ ಶನಿವಾರ ಇತ್ತು. ಬುಧವಾರ ಸಂಜೆ ನಿಲಂಗಾದವರು ನನ್ನನ್ನು ನೋಡಿ ಹೋದರು. ಗುರುವಾರ ಬೆಳಿಗ್ಗೆ ಒಪ್ಪಿಗೆ ಬಂತು. ಮದುವೆ ನಿಶ್ಚಯದ ಅಕ್ಕಿಕಾಳು ಸೋಮವಾರವೇ, ಅದೂ ನಿಲಂಗಾದಲ್ಲಿ, ಹುಡುಗನ ಅಜ್ಜಿಗೆ ಹುಷಾರಿಲ್ಲ ಎಂದು ಅವಸರ. ನಮ್ಮಪ್ಪ ಕಾಲೇಜಿಗೆ ಹೋಗಿ ಹೆಸರು ತೆಗೆಸಲು ಅರ್ಜಿ ಕೊಟ್ಟು ಬಂದರು. ಪಂದ್ಯಕ್ಕಾದರೂ ಬಿಡಿ ಎಂದು ಅತ್ತು ಕೇಳಿದೆ. “ಆಡು. ಆಡಿ ಮುಗಿಸಿ ಅಲ್ಲಿಂದೇ ನಿಲಂಗಾಕ್ಕ ಹೋಗೂಣ” ಎಂದರು. ಅದಕ್ಕೇ ಬೇರೆ ಬಸ್ಸು. ನನ್ನ ಟ್ರಂಕು ಅದೇ ಬಸ್ಸಿನ ಮೇಲಿತ್ತು.

ಬೂಟು ನಮ್ಮದಲ್ಲ, ಕಾಲೇಜಿನ ಆಟದ ಕೋಣೆಯದು, ನಿನಗೂ ನೆನಪಿರಬೇಕು; ನಿನ್ನ ಜೊತೆ ವಾಪಸ್ ಹೋಗದೆ ನಿನ್ನ ಅಟ್ಟ ಸೇರಿದ್ದು ಹೇಗೆಂದು ನಾನು ಕೇಳುವುದಿಲ್ಲ. ಸಾಮಾನು ಕಾಯುವ ಕಾಶೆಪ್ಪನನ್ನೂ ಮರೆತಿರಲಾರೆ. ಶುಕ್ರವಾರ ನನ್ನನ್ನು ನಿಲ್ಲಿಸಿ ಹೇಳಿದ: “ತಂಗೀ, ಬೂಟು ಹ್ಯಾಂಗ ಬೆಳ್ಳಗ ಕೊಟ್ಟೀನೋ ಹಂಗ ಬೆಳ್ಳಗ ವಾಪಸ್ ಕೊಡು. ಉದಗೀರದಾಗ ಮ್ಯಾಚ್ ಮುಗದಕೂಡ್ಲೇ ನನ್ನ ಕೈಯಾಗ ಕೊಡು. ಇಲ್ದಿದ್ರ ಕಾಲೇಜ್ ಬಿಟ್ಟ ದಾಖಲೆ ಕೊಡೂದಿಲ್ಲ.” ನಾನು ಮದುವೆಯಾದರೂ ಹನ್ನೆರಡನೆಯ ತರಗತಿಯನ್ನು ನಿಲಂಗಾದಲ್ಲಿ ಮುಗಿಸುತ್ತೇನೆ ಎಂದು ಹಟ ಹಿಡಿದು ಒಪ್ಪಿಸಿದ್ದೆ. ಆ ಕಾಗದ ಬೇಕಿತ್ತು. ಶುಕ್ರವಾರ ಮಧ್ಯಾಹ್ನ ಹಿತ್ತಲಲ್ಲಿ ಕುಳಿತು ಚಿಮಣಿ ಎಣ್ಣೆ ಹಾಕಿ ತಿಕ್ಕಿದೆ. ಮೊದಲು ನೀಲಿ ಹೋಯಿತು. ನಿನ್ನ ಕೆಂಪು ಬೇಗ ಹೋಗಲಿಲ್ಲ. ಮೇಲೆ ಬಿಳಿ ಪಾಲಿಷ್ ಬಳಿದೆ.

ಏಕೆ ಹೇಳಲಿಲ್ಲ ಎಂದು ಕೇಳುತ್ತೀ. ನೀನು ಅತ್ತರೆ ನಿನ್ನ ಗುರಿ ತಪ್ಪುತ್ತದೆ. ಪಂದ್ಯ ಗೆದ್ದು, ಆಮೇಲೆ ಹೇಳಿ, ಇಬ್ಬರೂ ಕೂಡಿ ಅಳೋಣ ಎಂದು ಲೆಕ್ಕ ಹಾಕಿದ್ದೆ. ಆಮೇಲೆ ನೀನು ಟೆಂಪೋದ ಕಿಟಕಿಯಲ್ಲಿ ಮುಖ ಆ ಕಡೆ ಮಾಡಿ ಕುಳಿತಿದ್ದಿ. ನಾನು ಕೆಳಗೆ ಬರಿಗಾಲಲ್ಲಿ ನಿಂತಿದ್ದೆ. ಬೂಟು ಆಗಲೇ ಕಾಶೆಪ್ಪನ ಚೀಲದಲ್ಲಿತ್ತು. ಅವನು ಹೊಲಿಗೆಯ ಸಂದಿಯಲ್ಲಿ ಕೆಂಪು ಉಳಿದದ್ದನ್ನು ನೋಡಿದ. ಒಂದು ಬೂಟು ಐದು, ಒಂದು ಆರು ಎಂದೂ ನೋಡಿದ. ಆದರೂ ಚೀಲಕ್ಕೆ ಹಾಕಿಕೊಂಡ.

ನೀನು ನೋಡಿದ್ದು ತಪ್ಪಲ್ಲ ಅನು. ಜೋಡಿ ಮುರಿಯಿತು ಎಂದು ಬೂಟು ಹೇಳಿತು. ನಾನು ಹೇಳಲಾಗದ್ದನ್ನು ನಿಮ್ಮ ಕೊಟ್ಟಿಗೆಯ ಭಾಷೆಯಲ್ಲಿ ಅದು ನಿನಗೆ ಹೇಳಿಬಿಟ್ಟಿತು. ಸತ್ತದ್ದು ಯಾರು ಎನ್ನುವುದೊಂದೇ ಅದಲುಬದಲಾಯಿತು: ಹೋದವಳು ನಾನು.

ವಿಜ್ಜಿ


ನಿಲಂಗಾ
೫ ಆಗಸ್ಟ್ ೨೦೨೫

ಅನು,

ಮೂರು ವಾರ. ಪೋಸ್ಟಮನ್ ನಮ್ಮ ಓಣಿಗೆ ಬಂದರೆ ಪ್ರಯಾಗಬಾಯಿಯವರು ನನಗಿಂತ ಮೊದಲು ಹೊಸ್ತಿಲಿಗೆ ಹೋಗುತ್ತಾರೆ. “ಯಾರದೂ ಬಂದಿಲ್ಲ, ಬರೇ ಲೈಟ್ ಬಿಲ್ ಬಂದದ” ಎನ್ನುತ್ತಾರೆ. ಲೈಟ್ ಬಿಲ್ಲಿಗೆ ಇಷ್ಟು ದುಃಖದ ದನಿ ನಮ್ಮ ಮನೆಯಲ್ಲಿ ಹಿಂದೆ ಕೇಳಿರಲಿಲ್ಲ.

ಅಂಗಡಿಗೆ ‘ಜೋಡಿ ೯೫’ರ ಒಂದು ಜೊತೆ ಮಾದರಿ ಬಂದಿದೆ. ಗಿರಾಕಿ ಇಲ್ಲದಾಗ ಹಾಕಿಕೊಂಡೆ. ಹೊಲಿಗೆ ಚೆನ್ನಾಗಿದೆ. ಪಟ್ಟಿಗೆ ಕೌದಿಯ ಓಟದ ಹೊಲಿಗೆಯನ್ನೇ ತಂದಿದ್ದಾಳೆ ನಿನ್ನ ಮಗಳು. ಕಾಂತಾಬಾಯಿ ಕಾಕಿಯ ಕೈ ಅವಳಿಗೆ ಬಂದಿದೆ. ಆದರೆ ನನ್ನ ಬಲಗಾಲಲ್ಲಿ ನೀಲಿ ನೋಡಿ ಬೇರೆ ಯಾರದೋ ಕಾಲಿನಂತೆ ಅನಿಸಿತು. ತೆಗೆದು ಡಬ್ಬಿಯಲ್ಲಿಟ್ಟೆ.

ಉದಗೀರಿಗೆ ನಾನು ಬರುವುದಿಲ್ಲ. ಬೆದರಿಕೆ ವಾಪಸ್. ಹೆಸರೂ ಬೇಡ. ಆ ಒಂದು ಕಾಲು ಪುಸ್ತಿಕೆಯಲ್ಲಿ ಹಾಗೇ ಇರಲಿ, ಅದನ್ನು ಮಾತ್ರ ಕತ್ತರಿಸಬೇಡ.

ವಿಜ್ಜಿ


ಉಮರ್ಗಾ
೧೬ ಆಗಸ್ಟ್ ೨೦೨೫

ವಿಜ್ಜಿ,

ನಿನ್ನ ಜುಲೈ ಹದಿನೈದರ ಪತ್ರ ಬಂದ ದಿನ ನಾನು ಶಾಲೆಗೆ ರಜೆ ಹಾಕಿದೆ. ಇಷ್ಟು ವರ್ಷದ ಸಿಟ್ಟನ್ನು ಒಂದು ದಿನದಲ್ಲಿ ಎಲ್ಲಿ ಇಡಬೇಕು ತಿಳಿಯಲಿಲ್ಲ. ಉತ್ತರ ಬರೆಯಲು ಕುಳಿತು ನಾಲ್ಕು ಸಲ ಹರಿದೆ. ಐದನೆಯ ಸಲ ಬರೆಯುವ ಬದಲು ಯೋಗಿತಾಳಿಗೆ ಫೋನ್ ಮಾಡಿ ಎಲ್ಲ ಹೇಳಿದೆ. ತೇಪೆ ಯಾರದು, ಪಟ್ಟಿ ಯಾರದು, ಬಾಗಿಲಿನ ನೀಲಿ, ಎಲ್ಲ. ತೇಪೆ ಯಾರದೆಂದು ಅವಳು ಎರಡು ಸಲ ಕೇಳಿದಳು. ಆಮೇಲೆ, “ಆಯೀ, ನೀ ನನಗ ಅರ್ಧಾ ಬೂಟೇ ಕೊಟ್ಟಿದ್ದಿ” ಎಂದಳು.

ಅವಳು ನಿನ್ನ ಹಾಗೆ ಲಕೋಟೆಯನ್ನು ಗಲ್ಲೆಯ ಮೇಲೆ ಇಟ್ಟುಕೊಂಡು ಕೂರುವವಳಲ್ಲ. ಮರುದಿನವೇ ಮಾಲೀಕರ ಎದುರು ಹೋಗಿ ಹೇಳಿದಳು. ಎರಡು ದಿನ ಅವಳನ್ನು ಮನೆಗೆ ಕಳಿಸಿದ್ದರು. ಈಗ ಒಂದು ತೀರ್ಮಾನವಾಗಿದೆ: ಆ ಇನ್ನೊಬ್ಬ ಹೆಣ್ಣುಮಗಳು ವೇದಿಕೆಗೆ ಬಂದು, ತನ್ನ ಬಾಯಿಂದಲೇ ಹೇಳಿ, ಒಪ್ಪಿ ಸಹಿ ಹಾಕಿದರೆ ಬೂಟು ಹೊರಗೆ ಬರುತ್ತದೆ. ಬಿಡುಗಡೆಯ ದಿನ ಹನ್ನೊಂದು ಗಂಟೆಯೊಳಗೆ ಬರದಿದ್ದರೆ ಡಬ್ಬಿಗಳು ತೆರೆಯದೆ ಪುಣೆಗೆ ವಾಪಸ್, ಯೋಗಿತಾ ಮನೆಗೆ. ನೀನು ಬರುವುದಿಲ್ಲ ಎಂದು ಬರೆದ ಪತ್ರ ಆ ತೀರ್ಮಾನವಾದ ಸಂಜೆಯೇ ಕೈಗೆ ಬಂತು. ನಿನ್ನ ದೊಡ್ಡತನ ಯಾವಾಗಲೂ ತಪ್ಪು ಹೊತ್ತಿಗೇ ಬರುತ್ತದೆ.

ನಾನು ಬೇಡಿಕೊಳ್ಳುತ್ತಿಲ್ಲ; ಫೋನಿನಲ್ಲಿ ಕೇಳಿದರೆ ಬೇಡಿಕೊಂಡಂತಾಗುತ್ತದೆ, ಅದಕ್ಕೇ ಪತ್ರ. ಬೆದರಿಕೆ ನಿನಗೊಬ್ಬಳಿಗೇ ಬರುತ್ತದೆ ಎಂದು ತಿಳಿಯಬೇಡ. ವೇದಿಕೆಯ ಮೇಲೆ ಎರಡು ಜೊತೆ ಬಿಳಿ ಬೂಟು ಇಡಿಸಿದ್ದೇನೆ. ಒಂದು ಐದು, ಒಂದು ಆರು. ಅಪ್ಪನಿಗೆ ಎಂಬತ್ತಮೂರು. ಎತ್ತು ಹೋಗಿ ಟ್ರ್ಯಾಕ್ಟರ್ ಬಂದ ಮೇಲೂ ಪೋಳಾಕ್ಕೆ ಹಿಂಗುಳ ಕಲಸಿ ಅದರ ಮೂತಿಗೆ ಹಚ್ಚುತ್ತಾನೆ. ಈ ಸಲ ಡಬ್ಬಿ ಕುಂಚ ತೆಗೆದುಕೊಂಡು ಉದಗೀರಿಗೆ ಬರುತ್ತಾನೆ. ಸಾಸ್ತೂರದಿಂದ ನೀಲಿಯೂ ಬರುತ್ತದೆ. ನೀನು ಬಂದರೆ ಹಚ್ಚುತ್ತಾನೆ. ಬರದಿದ್ದರೆ ನಾನು ಬಿಳಿ ಬೂಟು ಹಾಕಿಕೊಂಡು ಆ ಮೈದಾನದಲ್ಲಿ ನಿಲ್ಲುತ್ತೇನೆ. ನೋಡಿದ ರೈತರು ಏನು ತಿಳಿದುಕೊಳ್ಳುತ್ತಾರೆ ಎನ್ನುವುದು ಈಗ ನಿನಗೂ ಗೊತ್ತು.

ಅನು


ನಿಲಂಗಾ
೨೪ ಆಗಸ್ಟ್ ೨೦೨೫

ಅನು,

ನೀನು ನೋಡಿದ್ದನ್ನು ಬರೆಯುವುದಿಲ್ಲ. ನೋಡದ್ದನ್ನು ಬರೆಯುತ್ತೇನೆ.

ನಿನ್ನ ಪತ್ರ ನನ್ನ ಕೈಗೆ ಸಿಕ್ಕಿದ್ದು ಇಪ್ಪತ್ತೆರಡರ ಬೆಳಿಗ್ಗೆ ಏಳೂವರೆಗೆ. ಹಿಂದಿನ ದಿನವೇ ಬಂದಿತ್ತಂತೆ. ಪ್ರಯಾಗಬಾಯಿಯವರು ಸಹಿ ಹಾಕಿ ತೆಗೆದುಕೊಂಡು, ಹಬ್ಬದ ಮುಂದೆ ಕೆಟ್ಟ ಸುದ್ದಿ ಬೇಡ ಎಂದು ಹೋಳಿಗೆಯ ಬೇಳೆಯ ಡಬ್ಬಿಯಲ್ಲಿ ಬಚ್ಚಿಟ್ಟಿದ್ದರು. ಬೇಳೆ ತೆಗೆಯಲು ಹೋದಾಗ ಸಿಕ್ಕಿತು. ಓದಿ ಮುಗಿಸುವಷ್ಟರಲ್ಲಿ ಭೀಮಶಾ ಗಾಡಿ ಹೊರಗೆ ತಂದಿದ್ದರು. “ಹತ್ತು. ಓದಿದ್ದು ದಾರ್‍ಯಾಗ ಹೇಳು.”

ದಾರಿಯಲ್ಲಿ ಊರೂರಿಗೂ ಎತ್ತಿನ ಮೆರವಣಿಗೆ. ಹಾರ್ನ್ ಹೊಡೆಯುವಂತಿಲ್ಲ, ದಾಟುವಂತಿಲ್ಲ. ಒಂದು ಊರಿನ ಅಗಸೆಯಲ್ಲಿ ಇಪ್ಪತ್ತು ನಿಮಿಷ ನಿಂತೆವು. ನಾನು ಕೋಡುಗಳನ್ನು ನೋಡುತ್ತಿದ್ದೆ. ಕೆಂಪು, ಹಸಿರು, ಚಿನ್ನದ ಬಣ್ಣ. ನಡುವೆ ಒಂದು ಎತ್ತು ಬೋಳು ಕೋಡಿನದು. ಅದರ ಪಕ್ಕ ನಡೆಯುತ್ತಿದ್ದವನನ್ನು ಯಾರೂ ಏನೂ ಕೇಳಲಿಲ್ಲ. ಭೀಮಶಾ ಗಡಿಯಾರ ನೋಡಿದರು. ಹತ್ತೂ ಇಪ್ಪತ್ತು.

ಮೈದಾನದ ಬಾಗಿಲಿಗೆ ಬಂದಾಗ ಹನ್ನೊಂದಾಗಿ ಆರು ನಿಮಿಷ. ಇಬ್ಬರು ಹುಡುಗರು ಡಬ್ಬಿಗಳನ್ನು ವ್ಯಾನಿಗೆ ಏರಿಸುತ್ತಿದ್ದರು. ನಾನು ಒಳಗೆ ಓಡಿ ಬಂದೆ ಎಂದು ನೀನು ತಿಳಿದಿದ್ದೀ. ಇಲ್ಲ. ಬಾಗಿಲಲ್ಲಿ ನಿಂತುಬಿಟ್ಟೆ. ನೀನು ಅತ್ತ ಮುಖ ಮಾಡಿ ಬಿಳಿ ಬೂಟಿನಲ್ಲಿ ನಿಂತಿದ್ದಿ, ಅದೇ ಎಡಗಡೆ. ಟೆಂಪೋದ ಕಿಟಕಿಯಲ್ಲಿ ಕಂಡದ್ದೂ ಅದೇ ಬೆನ್ನು. ಮರಳಿ ಹೋಗೋಣ ಎಂದು ಒಂದು ಹೆಜ್ಜೆ ಹಿಂದೆ ಇಟ್ಟೆ. ಆಗ ಕುರ್ಚಿಯಲ್ಲಿದ್ದ ಕಾಕಾ ಕುಂಚ ಎತ್ತಿ, ಮೈದಾನದ ಆಚೆ ತುದಿಗೆ ಕೇಳುವಂತೆ ಕೂಗಿದ: “ಏ ಮೋತ್ಯಾ, ಬಾಗಲಾಗ ಯಾಕ ನಿಂತಿ? ಬಣ್ಣಾ ಒಣಗ್ಲತ್ತದ.”

ಎಂಬತ್ತಮೂರು ವರ್ಷದವನಿಗೆ ಅಷ್ಟು ದೂರದಿಂದ ಗುರುತು ಸಿಕ್ಕಿತು. ನನ್ನ ತೂಕ ಇಮ್ಮಡಿಯಾಗಿದೆ. ಎತ್ತೆಂದು ಕರೆದದ್ದಕ್ಕೆ ಹಾಗಾಗಿ ಬೇಸರವಿಲ್ಲ. ಆಮೇಲಿನದು, ಮಾಲೀಕರು ಆರು ನಿಮಿಷ ಮಾಫಿ ಮಾಡಿದ್ದು, ನನ್ನ ಮಾತು, ಸಹಿ, ವ್ಯಾನಿನಿಂದ ಮತ್ತೆ ಇಳಿದ ಡಬ್ಬಿಗಳು, ಎಲ್ಲ ನೀನು ನೋಡಿದ್ದೇ.

ಯೋಗಿತಾಳಿಗೆ ಹೇಳು, ಕಾಕಾ ಹಚ್ಚಿದ ಕೆಂಪು ಸರಿಯಾಗಿದೆ. ಒಣಗಲಿ, ಇನ್ನೂ ಇಟ್ಟಿಗೆಗೆ ತಿರುಗುತ್ತದೆ. ಎಡ ನೀಲಿ ಬಲ ಕೆಂಪಿನ ಜೊತೆಯನ್ನೂ ತರುತ್ತೇನೆ ಎಂದಿದ್ದಾಳೆ. “ಮಾವಶಿ, ತೇಪಿ ಇರ್ಲೋ ಬ್ಯಾಡೋ?” ಎಂದು ಕೇಳಿದಳು. ಇರಲಿ ಎಂದೆ. ಮೂತಿಯ ಮಾತು ಮಾತ್ರ ತೆಗೆಯಲಿ. ನನ್ನ ಉಗುರುಗಳ ಸಂದಿಯಲ್ಲಿ ನೀಲಿ ಇನ್ನೂ ಇದೆ. ಚಿಮಣಿ ಎಣ್ಣೆ ಮನೆಯಲ್ಲಿ ಇದ್ದರೂ ಹಚ್ಚಿಲ್ಲ.

ನನ್ನ ನಂಬರಿನ ಬ್ಲಾಕ್ ತೆಗೆದಿದ್ದೀ ಎಂದು ಗೊತ್ತಾಯಿತು. ಫೋನಿನಲ್ಲಿ ನೀನು ಬರೀ ಉಸಿರು ಎಳೆಯುತ್ತೀ. ಪತ್ರ ಬರೆಯುತ್ತಿರು.

ಕೊನೆಯದನ್ನು ನೀನೂ ನೋಡಿದ್ದೀ, ಆದರೂ ದಾಖಲೆಗಾಗಿ ಬರೆದಿಡುತ್ತೇನೆ. ಜನ ಊಟಕ್ಕೆ ಎದ್ದ ಮೇಲೆ, ಬಣ್ಣ ಹಸಿಯಿದ್ದ ಬೂಟಿನಲ್ಲೇ ನೀನು ಚೆಂಡು ತೆಗೆದುಕೊಂಡು ಎಡಗಡೆ ನಿಂತೆ. ನಾನು ಬಲಗಡೆ ಕೈಯೆತ್ತಿದೆ. ನೀನು ಕೊಟ್ಟೆ. ಇಷ್ಟು ವರ್ಷ ಕಾಯ್ದ ಚೆಂಡು ನೇರ ನನ್ನ ಎರಡು ಕೈಗಳ ನಡುವೆ ಬಂತು, ನನಗೆ ಹಿಡಿಯಲಾಗಲಿಲ್ಲ. ಅದು ಎದೆಗೆ ಬಡಿದು, ಉರುಳಿ, ಊಟದ ಪಂಕ್ತಿಯ ಕಡೆ ಹೋಯಿತು. ನಾನು ಅದನ್ನೇ ನೋಡುತ್ತಾ ನಿಂತಿದ್ದೆ.

“ಏನ್ ನೋಡ್ಲತ್ತಿ?” ಎಂದಿ ನೀನು. “ಹೋಗಿ ತಗೊಂಬಾ. ಇನ್ನೊಮ್ಮಿ ಕೊಡ್ತೀನಿ.”

ನಿನ್ನ ಬಲಗಡೆಯ,
ವಿಜ್ಜಿ